ಮೆಡಿಕಲ್ ಲೈನ್ ಹಿಡಿಯುವ ಮೊದಲು ಲೆಕ್ಕ ಹಾಕಿ: ರಾಯಚೂರು, ಕೊಪ್ಪಳ, ಬಳ್ಳಾರಿಯ ಪಿಯು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ, ಯಾವ ಊರಿನ ಪಿಯು ಕಾಲೇಜಿಗಾದರೂ ಹೋಗಿ. ಬಯಾಲಜಿ ತಗೊಂಡ ಮಕ್ಕಳನ್ನು ಮುಂದೇನು ಅಂತ ಕೇಳಿದರೆ ಅರ್ಧ ಕ್ಲಾಸ್ ‘ಡಾಕ್ಟರ್’ ಅನ್ನುತ್ತದೆ. ಉಳಿದರ್ಧ ಸುಮ್ಮನಿರುತ್ತದೆ. ಸುಮ್ಮನಿರುವವರ ತಲೆಯಲ್ಲಿ ಓಡುತ್ತಿರುವುದು ಹೆಚ್ಚಾಗಿ ಮನೆಯ ದುಡ್ಡಿನ ವಿಚಾರ. ಈ ಬರಹ ಇಬ್ಬರಿಗೂ.

ಕೋರ್ಸ್ ಆರಿಸುವುದು ಒಂದು ಕೆಲಸ, ದುಡ್ಡಿನ ಲೆಕ್ಕ ಇನ್ನೊಂದು ಕೆಲಸ, ಅದನ್ನು ಅಪ್ಪ ನೋಡಿಕೊಳ್ಳುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಅಲ್ಲ, ಎರಡೂ ಒಂದೇ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಎಡಗಡೆ ಪುಟದಲ್ಲಿ ಓದು, ಬಲಗಡೆ ಪುಟದಲ್ಲಿ ಖರ್ಚು. ಇದಕ್ಕೆ ಆ್ಯಪ್ ಬೇಡ. ನೋಟ್‌ಬುಕ್ ಆದರೆ ಅಪ್ಪ-ಅಮ್ಮನ ಮುಂದೆ ಬಿಚ್ಚಿ ಇಡಬಹುದು.

ಹಂತ 1: ಆಸ್ಪತ್ರೆಗೆ ಹೋಗಿ, ಆದರೆ ರೋಗಿಯಾಗಿ ಅಲ್ಲ

ನಮಗೆ ಆಸ್ಪತ್ರೆ ಗೊತ್ತಿರುವುದು ರೋಗಿಯಾಗಿ, ಇಲ್ಲವೇ ರೋಗಿಗೆ ಬುತ್ತಿ ಕೊಡಲು ಹೋದವರಾಗಿ. ಅಲ್ಲಿ ಕೆಲಸ ಮಾಡುವವರ ದಿನ ಹೇಗಿರುತ್ತದೆ ಅಂತ ಕೂತು ನೋಡಿದವರು ಕಮ್ಮಿ. ಒಂದು ಸೋಮವಾರ ಬೆಳಿಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಓಪಿ ಚೀಟಿ ಕೊಡುವ ಕಿಟಕಿ ಹತ್ತಿರದ ಬೆಂಚಿನ ಮೇಲೆ ಎರಡು ತಾಸು ಸುಮ್ನೆ ಕೂತುಕೊಳ್ಳಿ.

ಡಾಕ್ಟರ್ ಕೋಣೆ ಮುಂದೆ ಇರುವ ಸಾಲು ಆಮೇಲೆ ಲ್ಯಾಬ್ ಮುಂದೆ, ಔಷಧಿ ಕಿಟಕಿ ಮುಂದೆ ಹೋಗಿ ನಿಲ್ಲುವುದು ಕಾಣುತ್ತದೆ. ಲ್ಯಾಬ್ ಟೆಕ್ನಿಷಿಯನ್ ಒಬ್ಬೊಬ್ಬರ ತೋಳಿಗೂ ಪಟ್ಟಿ ಬಿಗಿದು, ನರ ಹುಡುಕಿ, ರಕ್ತ ತೆಗೆದು, ಟ್ಯೂಬಿನ ಮೇಲೆ ಹೆಸರು-ನಂಬರ್ ಬರೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬ್ ರಕ್ತಕಣಗಳ ಎಣಿಕೆಗೆ, ಬೂದು ಮುಚ್ಚಳದ್ದು ಸಕ್ಕರೆ ಪರೀಕ್ಷೆಗೆ. ಒಂದು ಹೆಸರು ತಪ್ಪಿದರೆ ಮುಂದಿನ ಚಿಕಿತ್ಸೆಯೇ ತಪ್ಪುತ್ತದೆ. ಎಕ್ಸ್‌ರೇ ಕೋಣೆಯವರ ಎದೆ ಮೇಲೆ ಚಿಕ್ಕ ಬ್ಯಾಡ್ಜ್ ಇರುತ್ತದೆ. ಅವರ ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ಅಳೆಯುವ ಬ್ಯಾಡ್ಜ್ ಅದು. ಇದೆಲ್ಲ ‘ಮೆಡಿಕಲ್ ಲೈನ್’ ಅಂತ ನಮಗೆ ಯಾರೂ ಹೇಳಿರುವುದಿಲ್ಲ, ಅಲ್ವಾ?

ಆಮೇಲೆ ಮೂರು ಜನರ ಜೊತೆ ಮಾತಾಡಿ: ಒಬ್ಬ ನರ್ಸ್, ಒಬ್ಬ ಲ್ಯಾಬ್ ಅಥವಾ ಫಾರ್ಮಸಿಯವರು, ಒಬ್ಬ ಡಾಕ್ಟರ್. ಡಾಕ್ಟರಿಗೆ ಬಿಡುವು ಸಿಗದಿದ್ದರೆ ಇಂಟರ್ನ್ ಸಾಕು. ಅವರೇ ಜಾಸ್ತಿ ನಿಜ ಹೇಳುತ್ತಾರೆ. ‘ಈ ಕೆಲಸ ನಿಮಗೆ ಇಷ್ಟಾನಾ’ ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ‘ನಿನ್ನೆ ಡ್ಯೂಟಿಯಲ್ಲಿ ಏನೇನು ಮಾಡಿದ್ರಿ? ತಿಂಗಳಿಗೆ ಎಷ್ಟು ನೈಟ್ ಬೀಳುತ್ತೆ? ಮೊದಲ ಸಂಬಳ ಎಷ್ಟಿತ್ತು?’ ಅಂತ ಕೇಳಿ. ಉತ್ತರಗಳನ್ನು ಎಡಗಡೆ ಪುಟದಲ್ಲಿ ಬರೆದುಕೊಳ್ಳಿ. ವಾರ್ಡಿನೊಳಗೆ ಅನುಮತಿ ಇಲ್ಲದೆ ಹೋಗಬೇಡಿ, ಫೋಟೊ ತೆಗೆಯಲೇಬೇಡಿ.

ದೊಡ್ಡ ಆಸ್ಪತ್ರೆ ನೋಡಲು ಈಗ ದೂರ ಹೋಗಬೇಕಿಲ್ಲ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು 1961ರದ್ದು, ಜನರ ಬಾಯಲ್ಲಿ ಅದು ಇವತ್ತಿಗೂ ವಿಮ್ಸ್. ರಾಯಚೂರಿನ ರಿಮ್ಸ್ ಶುರುವಾಗಿದ್ದು 2007ರಲ್ಲಿ, ಕೊಪ್ಪಳದ ಕಿಮ್ಸ್ 2015ರಲ್ಲಿ. ನಿಮ್ಮ ಅಪ್ಪ ಪಿಯುಸಿ ಓದುವಾಗ ಈ ಮೂರು ಜಿಲ್ಲೆಗೆ ಬಳ್ಳಾರಿಯದೊಂದೇ ಸರ್ಕಾರಿ ಕಾಲೇಜು.

ಹಂತ 2: ವಯಸ್ಸಿನ ಗೆರೆ ಎಳೆಯಿರಿ

ಸ್ಕೇಲ್ ಇಟ್ಟು ಒಂದು ಗೆರೆ ಎಳೆಯಿರಿ. ಎಡತುದಿಗೆ 18, ಬಲತುದಿಗೆ 30. ಯಾವ ಕೋರ್ಸ್ ಯಾವ ವಯಸ್ಸಿಗೆ ಮುಗಿಯುತ್ತದೆ ಅಂತ ಗುರುತು ಹಾಕುತ್ತಾ ಹೋಗಿ.

ಡಿ.ಫಾರ್ಮ ಎರಡು ವರ್ಷ, ಅಂದರೆ 20ಕ್ಕೆ ಮುಗಿಯಿತು. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, 21. ಬಿಎಸ್ಸಿ ನರ್ಸಿಂಗ್ ಮತ್ತು ಬಿ.ಫಾರ್ಮ ನಾಲ್ಕು ವರ್ಷ, 22. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಡಿಗ್ರಿಗಳೂ ಇಂಟರ್ನ್‌ಶಿಪ್ ಸೇರಿ ಸುಮಾರು ಅಷ್ಟೇ. ಹಲ್ಲಿನ ಡಾಕ್ಟರಿಕೆಯ ಬಿಡಿಎಸ್ ಐದು ವರ್ಷ. ಆಯುರ್ವೇದದ ಬಿಎಎಂಎಸ್, ಎಂಬಿಬಿಎಸ್ ಎರಡೂ ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅಲ್ಲಿಗೆ ಇಪ್ಪತ್ತಮೂರೂವರೆ. ಎಂಬಿಬಿಎಸ್ ಆದಮೇಲೆ ನೀಟ್ ಪಿಜಿ ಬರೆದು ಮೊದಲ ಸಲವೇ ಸೀಟು ಸಿಕ್ಕರೂ ಎಂಡಿ ಅಥವಾ ಎಂಎಸ್ ಇನ್ನೂ ಮೂರು ವರ್ಷ. ನೀವು ಕಣ್ಣಮುಂದೆ ಇಟ್ಟುಕೊಂಡಿರುವ ‘ಸ್ಪೆಷಲಿಸ್ಟ್ ಡಾಕ್ಟರ್’ ಇರುವುದು 27-28ರ ಆಚೆ.

ಈಗ ಅದೇ ಗೆರೆಯ ಕೆಳಗೆ ಮನೆಯ ವಿಚಾರ ಬರೆಯಿರಿ. ಅಪ್ಪನ ವಯಸ್ಸು ಆಗ ಎಷ್ಟಾಗಿರುತ್ತದೆ? ತಂಗಿ ಪಿಯುಸಿ ಮುಗಿಸುವ ವರ್ಷ ಯಾವುದು? ಸೊಸೈಟಿ ಸಾಲ ತೀರುವುದು ಯಾವಾಗ? ಮನೆ ಕಟ್ಟುವ ಯೋಚನೆ ಇದೆಯಾ? ನೀವು ಸೆಕೆಂಡ್ ಇಯರ್ ಫೀಸ್ ಕಟ್ಟುವ ವರ್ಷವೇ ತಂಗಿಯ ಕಾಲೇಜೂ ಶುರುವಾಗುತ್ತದೆ ಅನ್ನುವುದು ಕಾಗದದ ಮೇಲೆ ಬಂದರೆ ಮನೆಯಲ್ಲಿ ಮಾತು ಬೇರೆಯೇ ಆಗುತ್ತದೆ. ಹೆದರಿ ಹಿಂದೆ ಸರಿಯಲಿ ಅಂತ ಇದನ್ನು ಹೇಳುತ್ತಿಲ್ಲ. ಇಪ್ಪತ್ತೆಂಟರ ತನಕ ಮನೆ ತಾಳುತ್ತದೆ ಅಂತ ಗೊತ್ತಾದರೆ ಧೈರ್ಯವಾಗಿ ಓದಬಹುದು.

ಹಂತ 3: ಯಾವ ಕೋರ್ಸಿಗೆ ಯಾವ ಬಾಗಿಲು

ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್, ಹೋಮಿಯೋಪಥಿಯ ಬಿಎಚ್‌ಎಂಎಸ್‌ಗೆ ನೀಟ್. ಮೂರು ತಾಸು, 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ ಬಯಾಲಜಿಯದ್ದೇ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಕನ್ನಡದಲ್ಲೂ ಬರೆಯಬಹುದು, ಪ್ರಶ್ನೆ ಕನ್ನಡ-ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಕನ್ನಡದಲ್ಲಿ ಬರೆಯುವವರೂ ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪದಗಳನ್ನು ಗುರುತು ಹಿಡಿಯುವಷ್ಟು ಕಲಿತಿರಬೇಕು.

ಬಿ.ಫಾರ್ಮ, ಫಾರ್ಮ್.ಡಿ, ಪಶುವೈದ್ಯಕೀಯಕ್ಕೆ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ. ಬಿಎಸ್ಸಿ ನರ್ಸಿಂಗ್‌ಗೂ ಈಗ ಕೆಸಿಇಟಿ ಬರೆದಿರಬೇಕು. ನೀಟ್ ಗುಂಗಿನಲ್ಲಿ ಕೆಸಿಇಟಿ ಅರ್ಜಿಯನ್ನೇ ಹಾಕದವರು ಪ್ರತಿ ವರ್ಷ ಇರುತ್ತಾರೆ. ಎರಡಕ್ಕೂ ಹಾಕಿ. ದನ-ಎಮ್ಮೆ ಜೊತೆ ಬೆಳೆದವರು ಪಶುವೈದ್ಯಕೀಯವನ್ನು ಗಂಭೀರವಾಗಿ ನೋಡಿ. ಅದರ ವಿಶ್ವವಿದ್ಯಾಲಯ ನಮ್ಮ ಭಾಗದ ಬೀದರಿನಲ್ಲೇ ಇದೆ. ಜಿಎನ್‌ಎಂಗೆ ಸೈನ್ಸೇ ಆಗಬೇಕೆಂದಿಲ್ಲ, ಆರ್ಟ್ಸ್ ಓದಿದವರೂ ಹೋಗಬಹುದು.

ಹಂತ 4: ಕಾಗದ ಪತ್ರ, ಅದರಲ್ಲೂ 371ಜೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆಯವರಿಗೆ ಇದರಷ್ಟು ದೊಡ್ಡ ಅನುಕೂಲ ಬೇರೆ ಇಲ್ಲ.

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ, 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ ಶೇ 8. ಅಂದರೆ ರಿಮ್ಸ್, ಕಿಮ್ಸ್, ವಿಮ್ಸ್‌ನಲ್ಲಿ ರಾಜ್ಯದ ಪಾಲಿಗೆ ಬರುವ ಸೀಟುಗಳಲ್ಲಿ ನಿಮ್ಮ ಪೈಪೋಟಿ ಹೆಚ್ಚಾಗಿ ನಮ್ಮ ಭಾಗದವರ ಜೊತೆಗೇ. ಇದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು, ನಾವು ಎಸಿ ಆಫೀಸ್ ಅನ್ನುತ್ತೇವಲ್ಲ, ಅದು. ಫಸ್ಟ್ ಪಿಯು ರಜೆಯಲ್ಲೇ ಅರ್ಜಿ ಹಾಕಿ. ರಿಸಲ್ಟ್ ಬಂದಮೇಲೆ ಹೋದರೆ ಎಲ್ಲರೂ ಅಲ್ಲೇ ಇರುತ್ತಾರೆ.

ಇನ್ನೆರಡು ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ, ಶೇ 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ರಾಜ್ಯದ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಟ್ ಆಫ್ ಪಟ್ಟಿ ತೆರೆದರೆ ‘2ಎಆರ್‌ಎಚ್’, ‘ಎಸ್‌ಸಿಕೆಎಚ್’ ಅಂತ ವಿಚಿತ್ರ ಅಕ್ಷರಗಳು ಕಾಣುತ್ತವೆ. ಬಿಡಿಸಿ ಓದಿದರೆ ಸುಲಭ. ಮೊದಲು ನಿಮ್ಮ ಪ್ರವರ್ಗ, ಆಮೇಲೆ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ, ಕೊನೆಯ ಎಚ್ ಅಂದರೆ ನಮ್ಮ ಭಾಗ. ‘ಕಟ್ ಆಫ್ ಇಷ್ಟಂತೆ’ ಅಂತ ಬೆಂಗಳೂರಿನ ಯೂಟ್ಯೂಬ್ ಚಾನೆಲ್ ಹೇಳಿದ್ದನ್ನು ಕೇಳಿ ಕೈಬಿಡಬೇಡಿ. ಹಿಂದಿನ ಎರಡು-ಮೂರು ವರ್ಷದ ಪಟ್ಟಿಯಲ್ಲಿ ನಿಮ್ಮ ಸಾಲನ್ನೇ ನೋಡಿ.

ಮುಂದೆ ಸರ್ಕಾರಿ ನೌಕರಿಗೂ 371ಜೆ ನಡೆಯುತ್ತದೆ. ಪ್ರಮಾಣಪತ್ರದ ಮೂಲಪ್ರತಿ ಭದ್ರವಾಗಿಡಿ. ನೌಕರಿಯ ನಮೂನೆ ಬೇರೆ, ಅದನ್ನು ಆಮೇಲೆ ಬೇರೆಯಾಗಿ ಮಾಡಿಸಬೇಕು.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಮೇಲಿನ ಆರ್‌ಡಿ ನಂಬರ್ ಎಲ್ಲ ಅರ್ಜಿಗೂ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಇನಿಷಿಯಲ್ ಹಿಂದೆ-ಮುಂದೆ ಆಗಿರುವುದು ನಮ್ಮಲ್ಲಿ ಮಾಮೂಲು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬರುವುದು. 18 ತುಂಬಿದ ವಾರವೇ ಮೈನರ್ ಖಾತೆಯನ್ನು ಮೇಜರ್ ಮಾಡಿಸಿ, ಪ್ಯಾನ್ ಕಾರ್ಡ್ ಮಾಡಿಸಿ, ವೋಟರ್ ಲಿಸ್ಟಿಗೂ ಹೆಸರು ಹಾಕಿಸಿ.

ಹಂತ 5: ಫೀಸ್, ಮತ್ತು ಫೀಸ್ ಅಲ್ಲದ ಫೀಸ್

ಈಚಿನ ವರ್ಷಗಳಲ್ಲಿ ಸರ್ಕಾರಿ ಎಂಬಿಬಿಎಸ್ ಸೀಟಿಗೆ ವರ್ಷಕ್ಕೆ ಸುಮಾರು 60-65 ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬಿಡಿ.

ನನ್ನ ಅಭಿಪ್ರಾಯ ಖಡಾಖಂಡಿತ. ಮೊದಲೆರಡು ಸಿಕ್ಕರೆ ಹೇಗಾದರೂ ಮಾಡಿ ಓದಿ. ಮೂರನೆಯದಕ್ಕೆ ನಾಲ್ಕೆಕರೆ ಗದ್ದೆ ಮಾರುವುದು ಬೇಡ. 50 ಲಕ್ಷ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸಲು ತಿಂಗಳಿಗೆ 66 ಸಾವಿರ ಕಂತು ಬೇಕು. 2020ರಲ್ಲಿ ರಾಜ್ಯದ ಸರ್ಕಾರಿ ಕಾಲೇಜಿನ ಇಂಟರ್ನ್‌ಗಳ ಸ್ಟೈಪೆಂಡ್ ಏರಿಸಿದಾಗ ಅದು ಬಂದು ನಿಂತದ್ದು 30 ಸಾವಿರಕ್ಕೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ. ವಿದೇಶದ ಎಂಬಿಬಿಎಸ್ ಅಗ್ಗ ಅಂತ ಏಜೆಂಟ್ ಬಂದರೆ ಎರಡು ವಿಚಾರ ನೆನಪಿರಲಿ. ಅದಕ್ಕೂ ನೀಟ್ ಅರ್ಹತೆ ಬೇಕು. ವಾಪಸ್ ಬಂದಮೇಲೆ ಎಫ್‌ಎಂಜಿಇ ಪರೀಕ್ಷೆ ಪಾಸಾಗದೆ ಇಲ್ಲಿ ಡಾಕ್ಟರಿಕೆ ಮಾಡುವಂತಿಲ್ಲ.

ನರ್ಸಿಂಗ್, ಪ್ಯಾರಾಮೆಡಿಕಲ್ ಕಾಲೇಜು ಸೇರುವ ಮೊದಲು ಮೂರು ಪ್ರಶ್ನೆ ಕೇಳಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಈ ವರ್ಷಕ್ಕೂ ಇದೆಯಾ? ಡಿಪ್ಲೊಮಾ ಆದರೆ ಪ್ಯಾರಾಮೆಡಿಕಲ್ ಬೋರ್ಡಿನ ಪಟ್ಟಿಯಲ್ಲಿ ಇದೆಯಾ? ವಿದ್ಯಾರ್ಥಿಗಳನ್ನು ಡ್ಯೂಟಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಎಷ್ಟು ಬೆಡ್ ಇದೆ? ಮೂರನೆಯದಕ್ಕೆ ಉತ್ತರ ಎಳೆದಾಡಿದರೆ ಎದ್ದು ಬನ್ನಿ. ಇಂಜೆಕ್ಷನ್ ಕೊಡುವುದನ್ನು ಬರೀ ಬೊಂಬೆ ಮೇಲೆ ಕಲಿತವರನ್ನು ಒಳ್ಳೆಯ ಆಸ್ಪತ್ರೆ ತಗೊಳ್ಳುವುದಿಲ್ಲ.

ಬ್ರೋಷರಿನಲ್ಲಿ ಇರದ ಖರ್ಚೂ ಇವೆ: ಯೂನಿಫಾರ್ಮ್, ಏಪ್ರನ್, ಶೂ, ಪರೀಕ್ಷಾ ಶುಲ್ಕ, ರೆಕಾರ್ಡ್ ಬುಕ್, ಕಾಲೇಜ್ ಬಸ್. ಎಲ್ಲ ಸೇರಿಸಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ, ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ.

ನೀಟ್ ಸಲುವಾಗಿ ಒಂದು ವರ್ಷ ಡ್ರಾಪ್ ಮಾಡುವುದೂ ಖರ್ಚೇ. ಕೋಚಿಂಗ್, ಊಟ, ರೂಮು ಒಂದು ಕಡೆ. ಮೊದಲ ಸಂಬಳ ಒಂದು ವರ್ಷ ಹಿಂದಕ್ಕೆ ಹೋಗುವುದು ಇನ್ನೊಂದು ಕಡೆ. ನಿಮ್ಮ ಸಾಲಿನ ಕಟ್ ಆಫ್‌ಗೆ ಹತ್ತಿರ ಬಂದಿದ್ದರೆ ಒಂದು ವರ್ಷ ಕೊಡಿ. ಅರ್ಧದಷ್ಟೂ ಬಂದಿಲ್ಲದಿದ್ದರೆ ಬೇರೆ ಬಾಗಿಲು ನೋಡಿ. ಎರಡನೇ ಡ್ರಾಪ್ ಅಂತೂ ಬೇಡ.

ಹಂತ 6: ತಿಂಗಳ ಲೆಕ್ಕ

ಹಳ್ಳಿಯಿಂದ ಬಂದು ರಾಯಚೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದುವ ಹುಡುಗಿ ಅಂತ ಇಟ್ಟುಕೊಳ್ಳಿ. ಒಂದು ಮಾದರಿ ಪುಟ ಹೀಗಿರುತ್ತದೆ. ಬೆಲೆ ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ:

ರೂಮಿನ ಪಾಲು 2,000
ಮೆಸ್ 3,000
ಆಟೊ, ಸಿಟಿ ಬಸ್ 300
ಊರಿಗೆ ಹೋಗಿ ಬರಲು 300
ಫೋನ್ 300
ಜೆರಾಕ್ಸ್, ಪುಸ್ತಕ 400
ಸೋಪು, ಎಣ್ಣೆ, ಪ್ಯಾಡ್ 400
ಮಿರ್ಚಿ-ಮಂಡಕ್ಕಿ, ಹುಟ್ಟುಹಬ್ಬ, ಜ್ವರದ ಮಾತ್ರೆ 300

ಒಟ್ಟು 7,000. ಹತ್ತು ತಿಂಗಳಿಗೆ 70 ಸಾವಿರ. ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್ ಸಿಕ್ಕರೆ ಮೊದಲ ಎರಡು ಸಾಲು ಹೊಡೆದು ಹಾಕಿ, ಉಳಿಯುವುದು 2,000. ವರ್ಷಕ್ಕೆ 50 ಸಾವಿರ ಉಳಿತಾಯ, ನಾಲ್ಕು ವರ್ಷಕ್ಕೆ 2 ಲಕ್ಷ. ಹಾಸ್ಟೆಲ್ ಅರ್ಜಿಯನ್ನು ಕೊನೆ ದಿನದ ತನಕ ಮುಂದೂಡುವವರು ಈ ಅಂಕಿ ನೋಡಬೇಕು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ಊಟ-ವಸತಿಗೆ ಸರ್ಕಾರದ ನೆರವು ವಿದ್ಯಾಸಿರಿ ಇದೆ, ಹತ್ತು ತಿಂಗಳಿಗೆ. ಆದರೆ ಅದು ತಡವಾಗಿ ಬರುವ ದುಡ್ಡು. ತಿಂಗಳ ಮೆಸ್ ಬಿಲ್ಲಿಗೆ ಅದನ್ನು ನಂಬಬೇಡಿ, ಬಂದಾಗ ಮುಂದಿನ ವರ್ಷದ ಫೀಸಿಗೆ ಎತ್ತಿಡಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಊರಿಗೆ ಹೋಗಿ ಬರುವ ಆ 300 ಅವರಿಗೆ ಉಳಿಯುತ್ತದೆ. ಹುಡುಗರು ಕೆಕೆಆರ್‌ಟಿಸಿ ಪಾಸ್ ಮಾಡಿಸಿಕೊಳ್ಳಿ. ದಿನಾ ಹೋಗಿಬರುವಷ್ಟು ದೂರ ಇದ್ದರೆ ರೂಮೇ ಬೇಡ. ಆದರೆ ಮೂರನೇ ವರ್ಷ ನೈಟ್ ಡ್ಯೂಟಿ ಬಿದ್ದಾಗ ಅದು ನಡೆಯುವುದಿಲ್ಲ.

ಬರೆಯುವ ರೂಢಿ ಹೀಗೆ ಮಾಡಿ. ರಾತ್ರಿ ಮಲಗುವ ಮೊದಲು ಫೋನ್‌ಪೇ ಹಿಸ್ಟರಿ ತೆಗೆದು ಆ ದಿನದ್ದನ್ನು ಬಲಗಡೆ ಪುಟಕ್ಕೆ ಇಳಿಸಿ. ಹತ್ತು, ಇಪ್ಪತ್ತು ರೂಪಾಯಿಯ ಸ್ಕ್ಯಾನ್‌ಗಳು ತಿಂಗಳ ಕೊನೆಗೆ ಎಷ್ಟಾಗಿರುತ್ತವೆ ಅಂತ ನೋಡಿದರೆ ಸಾಕು, ಯಾರೂ ಬೈಯಬೇಕಿಲ್ಲ.

ಹಂತ 7: ಸಾಲ ಬೇಕಾದರೆ

ಮೊದಲು ನೋಡಬೇಕಾದ್ದು ಸರ್ಕಾರದ ಅರಿವು ಸಾಲ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಎರಡೂ ಕೊಡುತ್ತವೆ, ಬಡ್ಡಿ ಬ್ಯಾಂಕಿಗಿಂತ ತುಂಬಾ ಕಮ್ಮಿ. ಅದು ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲ. 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ. ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡದೆ ಕೊಡುವ ವ್ಯವಸ್ಥೆ ಇದೆ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಓದುವಾಗಲೇ ತಿಂಗಳಿಗೆ ಐನೂರೋ ಸಾವಿರವೋ ಬಡ್ಡಿಗೆ ಕಟ್ಟುತ್ತಾ ಹೋದರೆ ಆಮೇಲೆ ಬಹಳ ಹಗುರ.

ಬಂಗಾರ ಅಡ ಇಟ್ಟು ಫೀಸ್ ಕಟ್ಟುವುದು ನಮ್ಮ ಕಡೆ ಮಾಮೂಲು. ಭತ್ತ ಬಂದಮೇಲೆ ಬಿಡಿಸಿಕೊಳ್ಳುವ ನಂಬಿಕೆ. ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಆ ಲೆಕ್ಕ ಕೂಡುವುದಿಲ್ಲ. ನಾಲ್ಕು ವರ್ಷದ ಓದಿಗೆ ಆರು ತಿಂಗಳ ಸಾಲ ಹೊಂದುವುದಿಲ್ಲ. ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳನ್ನು ಮುಟ್ಟಲೇಬೇಡಿ.

ಹಂತ 8: ಮೊದಲ ಸಂಬಳ

ಖಾಸಗಿ ಆಸ್ಪತ್ರೆಯಲ್ಲಿ ಕೈಗೆ 18 ಸಾವಿರ ಬರುವ ನೌಕರಿ ಅಂತ ಇಟ್ಟುಕೊಳ್ಳೋಣ. ಗೆಳತಿ ಜೊತೆ ಮನೆ, ಬಾಡಿಗೆಯ ಪಾಲು 3,500. ಊಟ 4,000. ಮನೆಗೆ 4,000. ಓಡಾಟ 800. ಗ್ಯಾಸ್, ಕರೆಂಟ್, ಫೋನ್ 1,200. ಬಟ್ಟೆ-ಬರೆ 1,000. ಇಲ್ಲಿಗೆ 14,500. ಉಳಿದದ್ದು 3,500.

ಈಗ ಹಂತ 6ರ ಹಾಸ್ಟೆಲ್ ನೆನಪಿಸಿಕೊಳ್ಳಿ. ಆ 2 ಲಕ್ಷವನ್ನು ಸಾಲ ಮಾಡಿ ರೂಮಿನಲ್ಲಿದ್ದು ಓದಿದ್ದರೆ, ಶೇ 10ರ ಬಡ್ಡಿಗೆ ಏಳು ವರ್ಷ ತಿಂಗಳಿಗೆ ಸುಮಾರು 3,300 ಕಂತು. ಓದುವಾಗ ಬೆಳೆದ ಬಡ್ಡಿ ಬೇರೆ. ಅಂದರೆ ಉಳಿದದ್ದು ಪೂರಾ ಅದಕ್ಕೇ ಹೋಗುತ್ತಿತ್ತು. ಹದಿನೆಂಟನೇ ವಯಸ್ಸಿನಲ್ಲಿ ತುಂಬಿದ ಒಂದು ಅರ್ಜಿ ಇಪ್ಪತ್ಮೂರರಿಂದ ಮೂವತ್ತರವರೆಗಿನ ಸಂಬಳವನ್ನು ಉಳಿಸುತ್ತದೆ.

ಸಾಲ ಇಲ್ಲದಿದ್ದರೆ ಆ 3,500ರಲ್ಲಿ 2,000ವನ್ನು ಬೇರೆ ಖಾತೆಗೆ ಹಾಕಿ, ಮೂರು ತಿಂಗಳ ಖರ್ಚಿನಷ್ಟು ಸೇರುವವರೆಗೆ ಮುಟ್ಟಬೇಡಿ. ಆ ಖಾತೆಗೆ ಯುಪಿಐ ಜೋಡಿಸದಿದ್ದರೆ ಇನ್ನೂ ಒಳ್ಳೆಯದು. ಉಳಿದ 1,500 ತಿಂಗಳು ತಿಂಗಳು ಕಟ್ಟುವ ಪೋಸ್ಟಾಫೀಸ್ ಠೇವಣಿ ಆರ್‌ಡಿಗೆ. ಬ್ಯಾಂಕಿನಲ್ಲಿ ಎರಡು ಸಣ್ಣ ವಿಮೆಗೆ ಸಹಿ ಹಾಕಿ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ, ಎರಡೂ 2 ಲಕ್ಷದವು. ಮನೆಗೆ ದುಡ್ಡು ಕಳಿಸುವವರು ನೀವಾದ ದಿನದಿಂದ ಇವು ಬೇಕು.

ನೌಕರಿಗೆ ಸೇರುವಾಗ ನಿಮ್ಮ ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ, ಜೆರಾಕ್ಸ್ ಕೊಟ್ಟು ಮೂಲ ತೋರಿಸಿ ವಾಪಸ್ ತಗೊಳ್ಳಿ. ನರ್ಸಿಂಗ್ ಕೌನ್ಸಿಲ್ ಅಥವಾ ಫಾರ್ಮಸಿ ಕೌನ್ಸಿಲ್ ನೋಂದಣಿ ನಿಮ್ಮ ಹೆಸರಲ್ಲಿದೆ, ಅದು ಯಾವ ಆಸ್ಪತ್ರೆಯ ಸ್ವತ್ತೂ ಅಲ್ಲ. ಸಂಬಳದ ಚೀಟಿ ಕೇಳಿ ತಗೊಳ್ಳಿ, ಪಿಎಫ್ ಹಿಡಿದಿದ್ದಾರಾ ನೋಡಿ, ಹಿಡಿದಿದ್ದರೆ ನಿಮ್ಮ ಪಿಎಫ್‌ನ ಯುಎಎನ್ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ನೌಕರಿ ಬದಲಿಸಿದಾಗ ಪಿಎಫ್ ಬಿಡಿಸಿಕೊಂಡು ಫೋನ್ ಕೊಳ್ಳುವ ಬದಲು ಹೊಸ ನೌಕರಿಯ ಖಾತೆಗೆ ವರ್ಗ ಮಾಡಿಸಿ. ಅದೇ ನಂಬರ್ ಮುಂದುವರಿಯುತ್ತದೆ.